ಅಕ್ಕಡಿ ಸಾಲಿನ ಒಡತಿಯರು

ನನ್ನ ಸಂಶೋಧನೆಗೆ ಮೊದಲ ಪೆಟ್ಟು ಬಿದ್ದದ್ದು ಕೊರಟಗೆರೆಯ ಸಂತೆಯಲ್ಲಿ. ಕ್ಷೇತ್ರಕಾರ್ಯಕ್ಕೆಂದು ಎರಡು ತಿಂಗಳು ಕೂತು ತಯಾರಿಸಿದ್ದ ಪ್ರಶ್ನಾವಳಿಯನ್ನು ಹಿಡಿದು, ಗೋಣಿತಾಟು ಹಾಸಿಕೊಂಡು ಕೂತಿದ್ದ ಅಜ್ಜಿಯೊಬ್ಬರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಹೆಸರು, ಊರು, ವಯಸ್ಸು ಮುಗಿದವು. ಮನೆಯ ಯಜಮಾನರು ಯಾರು ಎಂದು ಕೇಳಿದೆ, ಹೇಳಿದರು. "ನಿಮ್ಮ ಮುಖ್ಯ ಬೆಳೆ ಯಾವುದಮ್ಮ?" ಎಂದೆ. "ರಾಗಿ" ಎಂದರು. ಬರೆದುಕೊಂಡೆ. ಬರೆದ ಮೇಲೆ ಅವರ ಮುಂದಿದ್ದ ಗುಡ್ಡೆಗಳ ಕಡೆ ನೋಡಿದೆ. ಒಣ ಅವರೆ ಇತ್ತು, ಅಲಸಂದೆ ಇತ್ತು, ಹುಚ್ಚೆಳ್ಳು ಇತ್ತು, ಹರಳು ಇತ್ತು, ಮೊರದಲ್ಲಿ ಒಂದಿಷ್ಟು ಹುಣಸೆಹಣ್ಣೂ ಇತ್ತು. ರಾಗಿ ಮಾತ್ರ ಇರಲಿಲ್ಲ.

"ರಾಗಿ ತಂದಿಲ್ಲವಾ?"

"ರಾಗಿ ಮನೇಲೈತೆ. ಅದು ಯಜಮಾನ್ರ ಲೆಕ್ಕ. ಇವು ನನ್ನವು" ಎಂದವರು, ನನ್ನ ಕೈಲಿದ್ದ ಹಾಳೆಯನ್ನು ಒಮ್ಮೆ ನೋಡಿ, "ನಿನ್ ಕಾಗ್ದದಾಗೆ ಅಕ್ಕಡಿಗೆ ಜಾಗ್ವೇ ಇಲ್ವಲ್ಲ ಮಗಾ" ಎಂದು ನಕ್ಕರು.

ಅವರಿಗೆ ಓದಲು ಬರುತ್ತಿತ್ತೋ ಇಲ್ಲವೋ ತಿಳಿಯದು. ಆದರೆ ಹಾಳೆಯಲ್ಲಿ ಬೆಳೆಗೆ ಒಂದೇ ಗೆರೆ ಇದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಮಧುಗಿರಿ ಸೀಮೆಯ ರಾಗಿ ಹೊಲದಲ್ಲೇ ಆಡಿ ಬೆಳೆದ ನಾನು, ನನ್ನ ಅಜ್ಜಿ ಸೊಂಟಕ್ಕೆ ಮಡಿಲು ಕಟ್ಟಿಕೊಂಡು ಬಿತ್ತಿದ್ದನ್ನು ನೋಡಿದ್ದ ನಾನು, ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿಂದ ಒಂದೇ ಗೆರೆಯ ಹಾಳೆ ತಂದಿದ್ದೆ. ಆ ದಿನ ಉಳಿದ ಪ್ರಶ್ನೆಗಳನ್ನು ಕೇಳಲಿಲ್ಲ. ಅರ್ಧ ಸೇರು ಅವರೆ ಕೊಂಡು ಬಸ್ಸು ಹತ್ತಿದೆ.

ಪಟ್ಟಣದಲ್ಲಿ ಬೆಳೆದ ಓದುಗರಿಗೆ ಅಕ್ಕಡಿ ಎಂದರೇನೆಂದು ಹೇಳಬೇಕು. ನಮ್ಮ ಕಡೆ ಮಳೆಯಾಶ್ರಿತ ಹೊಲದಲ್ಲಿ ರಾಗಿಯನ್ನು ಒಂಟಿಯಾಗಿ ಬಿತ್ತುವುದಿಲ್ಲ, ಅಥವಾ ಬಿತ್ತುತ್ತಿರಲಿಲ್ಲ. ಆರೋ ಎಂಟೋ ಹತ್ತೋ ಸಾಲು ರಾಗಿಗೆ ಒಂದು ಸಾಲು ಬೇರೆ ಬೆಳೆ ಬರುತ್ತದೆ. ಅದು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಒಂದೊಂದು ಕಡೆ ಜೋಳ. ಬದುವಿನ ಅಂಚಿಗೆ ಹರಳು. ಈ ನಡುವಿನ ಸಾಲೇ ಅಕ್ಕಡಿ. ರಾಗಿ ಬಿತ್ತುವುದು ಎತ್ತು ಕಟ್ಟಿದ ಕೂರಿಗೆಯಲ್ಲಿ, ಅದನ್ನು ಹಿಡಿಯುವವರು ಗಂಡಸರು. ಅಕ್ಕಡಿಗೆ ಕೂರಿಗೆಯ ಹಿಂದೆ ಹಗ್ಗದಿಂದ ಕಟ್ಟಿದ ಒಂಟಿ ಬಿದಿರಿನ ಕೊಳವೆ ಇರುತ್ತದೆ. ಅದು ಸಡ್ಡೆ. ನಮ್ಮ ಮನೆಯಲ್ಲಿ ಸಡ್ಡೆ ಹಿಡಿಯುತ್ತಿದ್ದವಳು ಅಜ್ಜಿ. ಮಡಿಲಲ್ಲಿ ಬೀಜ ತುಂಬಿಕೊಂಡು, ಎತ್ತಿನ ನಡಿಗೆಗೆ ತನ್ನ ನಡಿಗೆ ಹೊಂದಿಸಿಕೊಂಡು, ಬೆರಳ ಸಂದಿಯಿಂದ ಒಂದೊಂದೇ ಕಾಳು ಬಿಡುತ್ತಿದ್ದಳು. ಯಾವ ಸಾಲಿಗೆ ಏನು ಎಂಬುದು ಅವಳ ನಿರ್ಧಾರ. ತಾತ ತಿರುಗಿ ನೋಡುತ್ತಿರಲಿಲ್ಲ.

ಇದರಲ್ಲೊಂದು ಹುಷಾರಿತನವಿತ್ತು. ಹಿಂಗಾರಿನ ಮಳೆ ಕೈಕೊಟ್ಟು ರಾಗಿ ತೆನೆ ಜೊಳ್ಳಾದರೂ ಅವರೆ ಪುಷ್ಯದ ಇಬ್ಬನಿ ಕುಡಿದುಕೊಂಡೇ ಕಾಯಿ ಬಿಡುತ್ತದೆ. ತೊಗರಿಯ ಬೇರು ಆಳಕ್ಕಿಳಿದು ನೀರು ಹುಡುಕುತ್ತದೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ. ರಾಗಿ ಹಗೇವಿಗೆ ಇಳಿದರೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ, ಹಸಿವಿಗೆ ಮಾತ್ರ ಹೊರಗೆ ಬರುತ್ತದೆ. ಉಪ್ಪು, ಬಳೆ, ಮಕ್ಕಳ ಪಾಟಿ, ತೌರಿಗೆ ಹೋಗುವ ಬಸ್‌ಚಾರ್ಜು ಎಲ್ಲವೂ ಅಕ್ಕಡಿಯಿಂದ. ಅಕ್ಕಡಿ ಮಾರಾಟವಾಗುವ ಜಾಗ ಸಂತೆ. ನಮ್ಮ ಹೊಲದ ಪಹಣಿ ತೆಗೆಸಿ ನೋಡಿದೆ. ಹೆಸರು ತಾತನದು, ಬೆಳೆ ರಾಗಿ. ಅಜ್ಜಿ ಇಲ್ಲ, ಅವರೆಯೂ ಇಲ್ಲ.

ಅಲ್ಲಿಂದ ಮುಂದೆ ನನಗೆ ಒಂದು ಹುಚ್ಚು ಹತ್ತಿತು. ದಾಖಲೆಗಳಲ್ಲಿ ಹೊಲದ ಪಕ್ಕ ಹುಡುಕಿದರೆ ಈ ಹೆಂಗಸರು ಸಿಗುವುದಿಲ್ಲ. ಸಂತೆಯ ಪಕ್ಕ ಹುಡುಕಿದರೆ ಸಿಗುತ್ತಾರೆಯೇ?

ಕೆಲಸದ ಹೆಸರು ಹೊತ್ತ ಹೆಂಗಸರನ್ನು ಕನ್ನಡ ಮರೆತಿಲ್ಲ. ಹನ್ನೆರಡನೆಯ ಶತಮಾನದ ವಚನಕಾರ್ತಿಯರ ಪಟ್ಟಿಯನ್ನು ಕಾಯಕದ ಕಣ್ಣಿಂದ ಓದಿದರೆ ಅದೇ ಒಂದು ಸಂತೆಯ ಸಾಲಿನಂತೆ ಕಾಣುತ್ತದೆ. ಕದಿರೆ ರೆಮ್ಮವ್ವೆ ನೂಲುವವಳು, ಕೊಟ್ಟಣದ ಸೋಮವ್ವೆ ಭತ್ತ ಕುಟ್ಟುವವಳು, ಮೋಳಿಗೆ ಮಹಾದೇವಿಯ ಮನೆಯದು ಸೌದೆ ಹೊರೆಯ ಕಾಯಕ, ಆಯ್ದಕ್ಕಿ ಲಕ್ಕಮ್ಮನ ಮನೆಯದು ಚೆಲ್ಲಿದ ಅಕ್ಕಿ ಆಯುವ ಕಾಯಕ. ಇವರ ಅನುಭಾವದ ಬಗ್ಗೆ ಕಪಾಟುಗಟ್ಟಲೆ ಬರೆದಿದ್ದೇವೆ. ರೆಮ್ಮವ್ವೆ ನೂತ ನೂಲು ಯಾರ ಮಗ್ಗಕ್ಕೆ ಹೋಯಿತು, ಏನು ಬೆಲೆ ಬಂತು ಎಂದು ಕೇಳಿದವರು ಕಡಿಮೆ. ಕೇಳಿದರೂ ಉತ್ತರ ಸಿಗುವುದು ಕಷ್ಟ ಎನ್ನಿ.

ನೂಲಿನ ಪ್ರಶ್ನೆಗೆ ಉತ್ತರ ಸಿಗುವುದು ಆರುನೂರು ವರ್ಷ ತಡವಾಗಿ, ಅದೂ ಒಬ್ಬ ಸ್ಕಾಟಿಷ್ ವೈದ್ಯನ ಟಿಪ್ಪಣಿಯಲ್ಲಿ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕನನ್ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಮಧುಗಿರಿಗೂ ಸಿರಾಕ್ಕೂ ಬಂದಿದ್ದ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೂರು ಸಂಪುಟಗಳನ್ನು ನಮ್ಮಲ್ಲಿ ಸಾಮಾನ್ಯವಾಗಿ ಜಾತಿ, ಕಂದಾಯ, ನೀರಾವರಿಗಾಗಿ ತಿರುವಿ ಹಾಕುತ್ತೇವೆ. ಕೂರಿಗೆಯ ವರ್ಣನೆ ಇದೆ, ರಾಗಿಯ ನಡುವೆ ಅವರೆ ಬಿತ್ತುವ ಪದ್ಧತಿಯೂ ಇದೆ. ಬೆಂಗಳೂರಿನ ನೇಕಾರಿಕೆ ಕುರಿತ ಭಾಗದಲ್ಲಿ ಹೀಗೊಂದು ಸಂಗತಿ ಬರುತ್ತದೆ: ಬ್ರಾಹ್ಮಣರನ್ನು ಬಿಟ್ಟು ಉಳಿದ ಜಾತಿಗಳ ಹೆಂಗಸರು ವಾರದ ಸಂತೆಯಲ್ಲಿ ಹತ್ತಿ ಕೊಂಡು, ಮನೆಯಲ್ಲಿ ನೂತು, ಆ ನೂಲನ್ನು ನೇಕಾರರಿಗೆ ಮಾರುತ್ತಾರೆ.

ಈ ಮಾತಿನ ಮೇಲೆ ನಾನು ಬಹಳ ದಿನ ಕೂತೆ. ಇಲ್ಲಿ ಹೆಂಗಸು ಸಂತೆಗೆ ಎರಡು ಸಲ ಬರುತ್ತಾಳೆ, ಒಮ್ಮೆ ಕೊಳ್ಳುವವಳಾಗಿ, ಒಮ್ಮೆ ಮಾರುವವಳಾಗಿ. ನಡುವಿನ ದಿನಗಳಲ್ಲಿ ಅವಳ ಮನೆಯ ಜಗಲಿಯೇ ಕಾರ್ಖಾನೆ. ಬಂಡವಾಳ ಅವಳದು, ಲಾಭನಷ್ಟವೂ ಅವಳದು. ಹತ್ತಿಯ ಗುಣ ನೋಡುವ ಕಣ್ಣು, ನೂಲಿನ ನಯಕ್ಕೆ ಬೆಲೆ ಕಟ್ಟುವ ಬಾಯಿ, ಮುಂದಿನ ವಾರದ ದರದ ಅಂದಾಜು, ಇವೆಲ್ಲ ಇಲ್ಲದೆ ಆ ವ್ಯವಹಾರ ನಡೆಯದು. ಆದರೂ ನಮ್ಮ ಆರ್ಥಿಕ ಇತಿಹಾಸದಲ್ಲಿ 'ವರ್ತಕ' ಎಂಬ ಪದಕ್ಕೆ ಸ್ತ್ರೀಲಿಂಗ ರೂಪವೇ ಬಳಕೆಗೆ ಬಂದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಗಿರಣಿಯ ನೂಲು ಬಂದು ಈ ವ್ಯಾಪಾರವನ್ನು ನುಂಗಿತು. ನೇಕಾರರು ಮಗ್ಗ ಕಳೆದುಕೊಂಡ ಕತೆ ಪಠ್ಯಪುಸ್ತಕದಲ್ಲಿದೆ. ನೇಕಾರರಿಗಿಂತ ಮೊದಲೇ ಕೆಲಸ ಕಳೆದುಕೊಂಡವರು ನೂಲುವ ಹೆಂಗಸರು.

ಸಿರಾದ ಕತೆಯಲ್ಲೂ ಇಂಥದ್ದೇ ಒಂದು ಮೌನವಿದೆ. 1687ರಿಂದ ಎಪ್ಪತ್ತು ವರ್ಷ ಸಿರಾ ಮೊಘಲರ ಸುಭಾದ ರಾಜಧಾನಿ. ದಿಲಾವರ್ ಖಾನನ ಕಾಲದಲ್ಲಿ ಐವತ್ತು ಸಾವಿರ ಮನೆಗಳಿದ್ದವು ಎಂಬ ಹೇಳಿಕೆ ಪ್ರಚಲಿತವಿತ್ತು, ಅದನ್ನು ಪೂರಾ ನಂಬಬೇಕಿಲ್ಲ. ಆಮೇಲೆ ಟಿಪ್ಪು ಶ್ರೀರಂಗಪಟ್ಟಣದ ಪಕ್ಕ ಶಹರ್ ಗಂಜಾಂ ಕಟ್ಟಿಸಿದಾಗ ಸಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಬಲವಂತವಾಗಿ ಅಲ್ಲಿಗೆ ಸಾಗಿಸಿದ ಎಂದು ಬಿ.ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ದಾಖಲಿಸುತ್ತಾರೆ. ಕಸುಬುದಾರರನ್ನು ಸಾಗಿಸುವಾಗ ಕುಟುಂಬಗಳನ್ನೇ ಯಾಕೆ ಎಣಿಸಿದರು? ಮಗ್ಗ ಒಬ್ಬನಿಂದ ಓಡುವುದಿಲ್ಲ. ನೂಲುವವಳು, ಕಂಡಿಕೆ ಸುತ್ತುವವಳು, ಗಂಜಿ ಹಾಕುವವಳು ಜೊತೆಗಿದ್ದರೆ ಮಾತ್ರ ಅವನು ನೇಕಾರ. ಆಳುವವರಿಗೆ ಇದು ಚೆನ್ನಾಗಿ ಗೊತ್ತಿತ್ತು ಅನಿಸುತ್ತದೆ. ಇತಿಹಾಸ ಬರೆದವರು 'ಕುಟುಂಬ' ಎಂದು ಬರೆದು ಮುಂದೆ ಹೋದರು.

ಕಂಬಳಿಯ ಬಗ್ಗೆ ಸ್ವಲ್ಪ ಹೇಳದೆ ಸಿರಾ ದಾಟಲಾರೆ. ಸಿರಾದಿಂದ ಚಳ್ಳಕೆರೆಯವರೆಗಿನ ಕುರಿ ಸೀಮೆಯ ಕರಿ ಕಂಬಳಿಯನ್ನು ಮುಟ್ಟಿದವರಿಗೆ ಅದರ ಬಿರುಸು ಗೊತ್ತು. ಮಳೆಯಲ್ಲಿ ಕೊಪ್ಪೆ ಹಾಕಿಕೊಂಡರೆ ನೀರು ಒಳಗಿಳಿಯದೆ ಜಾರುತ್ತದೆ. ಉಣ್ಣೆ ನೂಲುವುದು ಹೆಂಗಸರು, ನೇಯುವುದು ಹೆಚ್ಚಾಗಿ ಗಂಡಸರು. ಆ ಬಿರುಸು ಬರುವುದು ಹುಣಸೆಬೀಜದ ಗಂಜಿಯಿಂದ. ಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಸಿ, ಅರೆದು, ಕುದಿಸಿದ ಅಂಬಲಿಯನ್ನು ನೂಲಿಗೆ ಹಚ್ಚುತ್ತಾರೆ. ಹುಣಸೆ ನಮ್ಮ ಕಡೆಯ ಇನ್ನೊಂದು ಹೆಣ್ಣುಗೆಲಸ. ಶಿವರಾತ್ರಿ ಆಸುಪಾಸಿನಿಂದ ಬೇಸಿಗೆ ಮುಗಿಯುವವರೆಗೆ ಮಧುಗಿರಿ, ಸಿರಾ, ಪಾವಗಡದ ಯಾವ ಊರಿಗೆ ಹೋದರೂ ಪಡಸಾಲೆಯಲ್ಲಿ ಹೆಂಗಸರು ಹುಣಸೆ ಬಡಿಯುತ್ತ, ನಾರು ತೆಗೆಯುತ್ತ, ಬೀಜ ಬಿಡಿಸುತ್ತ ಕೂತಿರುತ್ತಾರೆ. ಮರ ಗುತ್ತಿಗೆ ಹಿಡಿಯುವವರು, ತೂಕ ಹಾಕುವವರು, ತುಮಕೂರಿನ ಮಂಡಿಗೆ ಲಾರಿ ತುಂಬುವವರು ಬೇರೆ. ಬೀಜ ಬಿಡಿಸಿದ ಬೆರಳಿಗೆ ಕೆ.ಜಿ. ಲೆಕ್ಕದ ಕೂಲಿ. ಹುಣಸೆಯ ಹುಳಿಗೆ ಉಗುರಿನ ಸಂದಿ ಬಿರಿದು, ಅದರಲ್ಲೇ ಮುದ್ದೆ ಮುರಿದರೆ ಉರಿಯುತ್ತದೆಂದು ಚಮಚ ಹುಡುಕುವ ಹೆಂಗಸರನ್ನು ನಾನು ನೋಡಿದ್ದೇನೆ.

ಸಂತೆಯ ಅಳತೆಗಳನ್ನು ಬೇರೆಯೇ ಒಂದು ಅಧ್ಯಾಯವಾಗಿ ಬರೆಯಬೇಕೆಂದಿದ್ದೇನೆ, ಮಾರ್ಗದರ್ಶಕರು ಒಪ್ಪಿದರೆ. ನಾಲ್ಕು ಚಟಾಕಿಗೆ ಪಾವು, ಎರಡು ಪಾವಿಗೆ ಅಚ್ಚೇರು, ನಾಲ್ಕು ಪಾವಿಗೆ ಸೇರು. ಇಪ್ಪತ್ತು ಕೊಳಗಕ್ಕೆ ಖಂಡುಗ. ಖಂಡುಗದ ಲೆಕ್ಕ ಕಣದಲ್ಲಿ ನಡೆಯುತ್ತಿತ್ತು, ಗಂಡಸರ ನಡುವೆ. ಪಾವು, ಚಟಾಕಿನ ಲೆಕ್ಕ ಸಂತೆಯಲ್ಲಿ. ಮೆಟ್ರಿಕ್ ಪದ್ಧತಿ ಬಂದು ಅರವತ್ತು ವರ್ಷದ ಮೇಲಾದರೂ ಕಾಳಿನ ಸಾಲಿನಲ್ಲಿ ಸೇರು ಪಾವು ಇನ್ನೂ ಸತ್ತಿಲ್ಲ. ಹೂವಿನ ಸಾಲಿನಲ್ಲಿ ಅಳತೆಗೋಲು ಹೆಂಗಸಿನ ಮೈಯೇ. ಕನಕಾಂಬರ, ಸೇವಂತಿಗೆ ಮಾರಾಟವಾಗುವುದು ಮೊಳದ ಲೆಕ್ಕದಲ್ಲಿ, ಮೊಳ ಎಂದರೆ ಮಾರುವವಳ ಮೊಳಕೈ. ಉದ್ದ ಕೈಯವಳ ಬುಟ್ಟಿ ಮೊದಲು ಖಾಲಿಯಾಗುತ್ತದೆಂದು ಮಧುಗಿರಿ ಸಂತೆಯಲ್ಲಿ ತಮಾಷೆ ಮಾಡುತ್ತಾರೆ. ಪಕ್ಕದಲ್ಲಿ ಕೊರಚರ ಹೆಂಗಸರು ಮೊರ, ಕುಕ್ಕೆ, ಈಚಲು ಪೊರಕೆ ಹರವಿಕೊಂಡಿರುತ್ತಾರೆ. ಹೊಸ ಮೊರಕ್ಕೆ ಮೆಂತ್ಯದ ಅರಪು ಬಳಿಯದೆ ಉಪಯೋಗಿಸಬಾರದೆಂದು ಕೊಂಡವರಿಗೆಲ್ಲ ತಪ್ಪದೆ ಹೇಳುತ್ತಾರೆ. ಕುಂಬಾರಗಿತ್ತಿಯ ಮುಂದೆ ಮಡಕೆ. ಚಕ್ರ ತಿರುಗಿಸಿದವನು ಮನೆಯಲ್ಲಿದ್ದಾನೆ, ಮಣ್ಣು ತುಳಿದು ಹದ ಮಾಡಿದವಳು ಇಲ್ಲಿ ಬೆರಳಿಂದ ಬಡಿದು ಸದ್ದು ಕೇಳಿಸುತ್ತಿದ್ದಾಳೆ. ತೋಟಗಾರಿಕೆ ಪುಸ್ತಕಗಳಲ್ಲಿ ದಾಳಿಂಬೆಯ ಒಂದು ತಳಿಗೆ 'ಮಧುಗಿರಿ' ಎಂದೇ ಹೆಸರಿದೆ. ಆ ಹೆಸರಿನ ಹಣ್ಣನ್ನು ಈ ಸಂತೆಯಲ್ಲಿ ನಾನು ಒಮ್ಮೆಯೂ ಕಂಡಿಲ್ಲ.

ಇನ್ನು ಪಹಣಿಯ ಮಾತು. ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. 1933ರಲ್ಲೇ ಹಿಂದೂ ಕಾನೂನಿನ ಮಹಿಳಾ ಹಕ್ಕುಗಳ ಕಾಯಿದೆ ಬಂತು. ಮನೆ ಪಾಲಾಗುವಾಗ ವಿಧವೆಗೆ, ತಾಯಿಗೆ, ಮದುವೆಯಾಗದ ಮಗಳಿಗೆ ಪಾಲು ಕೊಡಬೇಕೆಂದಿತು. 1994ರಲ್ಲಿ ಕರ್ನಾಟಕದ ತಿದ್ದುಪಡಿ ಮಗಳನ್ನು ಹುಟ್ಟಿನಿಂದಲೇ ಹಕ್ಕುದಾರಳನ್ನಾಗಿಸಿತು, ಕೇಂದ್ರ ಅದೇ ಹಾದಿಗೆ ಬಂದದ್ದು 2005ರಲ್ಲಿ. ಇಷ್ಟೆಲ್ಲ ಆದಮೇಲೂ 2015–16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರಲ್ಲಿ ಹೆಂಗಸರು ಶೇ. 14ರಷ್ಟು. ದುಡಿಯುವ ಹಳ್ಳಿ ಹೆಂಗಸರಲ್ಲಾದರೋ ನಾಲ್ವರಲ್ಲಿ ಮೂವರು ಬೇಸಾಯದವರು. ನಡುವಿನ ಕಂದಕ ಹೇಗೆ ಬಿತ್ತು ಎಂದು ತಿಳಿಯಲು ನನಗೆ ಗ್ರಂಥಾಲಯ ಬೇಕಾಗಲಿಲ್ಲ. ತಾತ ಸತ್ತ ಮೇಲೆ ನನ್ನ ಇಬ್ಬರು ಅತ್ತೆಯರು ಉಪನೋಂದಣಾಧಿಕಾರಿಗಳ ಎದುರು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಅರಿಶಿನ ಕುಂಕುಮದ ಸೀರೆ ಇಸಕೊಂಡು, ಅಳುತ್ತ ನಗುತ್ತ ಬಸ್ಸು ಹತ್ತಿದ್ದನ್ನು ನಾನೇ ಕಂಡಿದ್ದೇನೆ. ತೌರಿನ ಬಾಗಿಲು ಮುಚ್ಚಬಾರದೆಂದು ಕೊಟ್ಟ ಬೆಲೆ ಅದು. ಪಾಲು ಕೇಳಿದ್ದರೆ ಆ ಬಾಗಿಲು ಮುಚ್ಚುತ್ತಿತ್ತೇ? ನಮ್ಮಪ್ಪನನ್ನು ಈ ಪ್ರಶ್ನೆ ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಪಾವಗಡಕ್ಕೆ ನಾನು ತಡವಾಗಿ ಹೋದೆ. ಮೂರು ಕಡೆ ಆಂಧ್ರ ಸುತ್ತಿಕೊಂಡ ತಾಲ್ಲೂಕು. ಸಂತೆಯಲ್ಲಿ ಚೌಕಾಸಿ ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ. ಇಲ್ಲಿ ನೆಲಗಡಲೆ ಬಂದು ಅಕ್ಕಡಿಯ ಸಾಲುಗಳನ್ನು ಎಂದೋ ಅಳಿಸಿತ್ತು. ಕಡಲೆಕಾಯಿಯ ದುಡ್ಡು ಒಮ್ಮೆಗೇ ಬರುತ್ತದೆ, ಗಂಡಸರ ಕೈಗೆ ಬರುತ್ತದೆ, ಮಳೆ ಹೋದರೆ ಒಮ್ಮೆಗೇ ಹೋಗುತ್ತದೆ. ಆದರೂ ಹೆಂಗಸರಿಗೆ ಒಂದು ಎಡೆ ಉಳಿದಿತ್ತು, ಅದು ಹಕ್ಕಲು. ಗಿಡ ಕಿತ್ತ ಮೇಲೆ ಮಣ್ಣಲ್ಲೇ ಉಳಿದ ಕಾಯಿಗಳನ್ನು ಆಯ್ದುಕೊಳ್ಳಲು ಭೂಮಿ ಇಲ್ಲದ ಮನೆಯ ಹೆಂಗಸರು ಹೊಲಕ್ಕಿಳಿಯುತ್ತಿದ್ದರು, ಯಾರೂ ಬೇಡವೆನ್ನುತ್ತಿರಲಿಲ್ಲ. ದಿನಕ್ಕೆ ಸೇರೋ ಎರಡು ಸೇರೋ ಆಯ್ದದ್ದು ಸಂತೆಗೆ ಹೋಗುತ್ತಿತ್ತು. ಆಯ್ದಕ್ಕಿ ಲಕ್ಕಮ್ಮನ ಕಾಯಕ ಪಾವಗಡದಲ್ಲಿ ಕಡಲೆಕಾಯಿಯ ರೂಪದಲ್ಲಿ ಮುಂದುವರಿದಿತ್ತೆಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.

ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಈಗ ಸೌರ ಫಲಕಗಳಿವೆ. 2018ರಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು. ಒಟ್ಟು ಸಾಮರ್ಥ್ಯ 2,050 ಮೆಗಾವ್ಯಾಟ್. ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು, ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮೇಲಿಂದ ಮೇಲೆ ಬರ ಕಂಡ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಜಮೀನಿದ್ದವರು ಸಾಲ ತೀರಿಸಿದರು, ಮನೆ ಕಟ್ಟಿದರು, ಮಕ್ಕಳನ್ನು ಓದಿಸಿದರು. ಅದನ್ನು ಹಗುರವಾಗಿ ಕಾಣುವ ಹಕ್ಕು ಹಾಸ್ಟೆಲಿನ ಫ್ಯಾನಿನ ಕೆಳಗೆ ಕೂತು ಬರೆಯುವ ನನಗಿಲ್ಲ. ಗುತ್ತಿಗೆಯ ಹಣ ಹೋಗುವುದು ಪಹಣಿಯ ಹೆಸರಿಗೆ. ಕಳೆ ಕೀಳುವ ಕೂಲಿಗೆ, ಕುರಿಯ ಮೇವಿಗೆ, ಹಕ್ಕಲಿಗೆ ಪಹಣಿ ಇರಲಿಲ್ಲ. ಸಂತೆಯಲ್ಲಿ ಸೀಗೆಕಾಯಿ, ಬಾಚಣಿಗೆ ಮಾರುತ್ತಿದ್ದ ಹೆಂಗಸೊಬ್ಬರು ತಾವು ಹಿಂದೆ ಕಡಲೆಕಾಯಿ ತರುತ್ತಿದ್ದ ಕಾಲವನ್ನು ನೆನೆದು, "ಈಗ ನೆಲದ ಮೇಲೆ ಏನೂ ಬೀಳಲ್ಲ ಕಣಮ್ಮ, ನೆಳ್ಳು ಬೀಳ್ತದೆ ಅಷ್ಟೆ" ಎಂದರು. ವ್ಯಂಗ್ಯವೋ, ಇದ್ದದ್ದನ್ನು ಇದ್ದಂತೆ ಹೇಳಿದ್ದೋ ತಿಳಿಯಲಿಲ್ಲ.

ಹೋದ ಅಕ್ಟೋಬರ್ 15ರಂದು, ರೈತ ಮಹಿಳಾ ದಿನದ ನೆಪದಲ್ಲಿ, ಈ ನಾಲ್ಕು ತಾಲ್ಲೂಕುಗಳಲ್ಲೊಂದರಲ್ಲಿ ಹೆಂಗಸರದೇ ಒಂದು ರೈತಸಂತೆ ನಡೆಯಿತು. ಶಾಮಿಯಾನದಡಿ ಸ್ತ್ರೀಶಕ್ತಿ ಸಂಘದವರ ಚಟ್ನಿಪುಡಿ, ಹಪ್ಪಳ, ರಾಗಿ ಹುರಿಹಿಟ್ಟು, ಕೆಮ್ಮಣ್ಣು ಬಳಿದು ಒಣಗಿಸಿದ ಬಿತ್ತನೆ ತೊಗರಿ, ಬೂದಿಯಲ್ಲಿಟ್ಟ ಸೋರೆಬೀಜ. ವ್ಯಾಪಾರ ಚೆನ್ನಾಗಿಯೇ ಆಯಿತು, ಹಬ್ಬದ ಕಳೆಯಿತ್ತು. ಸನ್ಮಾನಕ್ಕೆ ಐವರನ್ನು ಆರಿಸಬೇಕಿತ್ತು. ಅರ್ಜಿಯ ಜೊತೆ ಪಹಣಿ ಲಗತ್ತಿಸಬೇಕೆಂದು ನಿಯಮವಿತ್ತು. ಹದಿನಾರು ಬಗೆಯ ಬೀಜ ತಂದಿದ್ದ ಒಬ್ಬರ ಪಹಣಿ ಸತ್ತ ಮಾವನ ಹೆಸರಿನಲ್ಲಿತ್ತು, ಪೌತಿ ಖಾತೆ ಆಗಿರಲಿಲ್ಲ. ಅವರ ಅರ್ಜಿ ಪಕ್ಕಕ್ಕೆ ಹೋಯಿತು. ಆಯೋಜಕರಲ್ಲಿದ್ದ ಹುಡುಗಿಯೊಬ್ಬಳು ಜಗಳ ಮಾಡಿ, ಕೊನೆಗೆ 'ಗೃಹಿಣಿ' ಎಂಬ ವಿಭಾಗದಲ್ಲಿ ಅವರಿಗೊಂದು ಶಾಲು ಹೊದಿಸುವಂತೆ ಮಾಡಿದಳು. ಅವರು ಶಾಲನ್ನು ಮಡಿಚಿ ಬೀಜದ ಗಂಟಿನ ಕೆಳಗೆ ಹಾಸಿ, ಕಾಳಿಗೆ ತೇವ ತಾಗದಂತೆ ನೋಡಿಕೊಂಡರು. 2026ನ್ನು ವಿಶ್ವಸಂಸ್ಥೆ ರೈತ ಮಹಿಳೆಯ ವರ್ಷವೆಂದು ಘೋಷಿಸಿದೆ. ಇಂಥ ಸಂತೆಗಳು ಇನ್ನೂ ನಡೆಯುತ್ತವೆ, ನಡೆಯಲಿ. ಅರ್ಜಿಯ ಆ ಒಂದು ಸಾಲನ್ನು ಹೊಡೆದುಹಾಕಲು ಯಾವ ಕಾನೂನೂ ಬೇಕಿಲ್ಲ.

ನನ್ನ ಪ್ರಶ್ನಾವಳಿಯನ್ನು ತಿದ್ದಿದ್ದೇನೆ. ಬೆಳೆಗೆ ಈಗ ಹನ್ನೆರಡು ಗೆರೆಗಳಿವೆ, ಪ್ರತಿಯೊಂದರ ಪಕ್ಕದಲ್ಲೂ 'ಬೀಜ ಇಡುವವರು ಯಾರು', 'ಮಾರಿದ ಹಣ ಯಾರ ಕೈಗೆ' ಎಂಬ ಎರಡು ಮನೆಗಳು. ಹಾಳೆ ಉದ್ದವಾಯಿತು, ಮಾರ್ಗದರ್ಶಕರು ಗೊಣಗಿದರು, ಆಮೇಲೆ ಸಹಿ ಮಾಡಿದರು.

ಅದನ್ನು ಹಿಡಿದು ಮತ್ತೆ ಕೊರಟಗೆರೆಗೆ ಹೋದೆ. ಅಜ್ಜಿ ಅದೇ ಜಾಗದಲ್ಲಿದ್ದರು. ಒಂದೊಂದೇ ಗೆರೆ ಓದಿ ಕೇಳಿದೆ, ಒಂದೊಂದೇ ಹೇಳಿದರು. ಹನ್ನೊಂದು ತುಂಬಿದವು. ಹನ್ನೆರಡನೆಯದಕ್ಕೆ ಸ್ವಲ್ಪ ಯೋಚಿಸಿ, "ಪುಂಡಿ ಬರ್ಕೋ. ಬದೀನಾಗೆ ನಾಕು ಗಿಡ ಹಾಕಿದೀನಿ" ಎಂದರು. ಸಂತೆ ಮುಗಿಯುವ ಹೊತ್ತು. ಒಂದು ಸೇರು ಅವರೆ ಕೇಳಿದೆ. ಸೇರಿನ ಬಾಯಿ ಕಾಣದಂತೆ ಗೋಪುರ ಮಾಡಿ ಅಳೆದು ಚೀಲಕ್ಕೆ ಸುರಿದರು. ಆಮೇಲೆ ಬೊಗಸೆ ತುಂಬ ಇನ್ನೊಂದಿಷ್ಟು ತೆಗೆದು ಅದರ ಮೇಲೆ ಹಾಕಿದರು. ಕೊಸರು. "ಇದುನ್ನೂ ಬರ್ಕೊಂತೀಯಾ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಗೋಣಿತಾಟು ಕೊಡವತೊಡಗಿದರು.